ಏನೂ ತುಂಬಿಸದ ಬಾಯಿ

ಶಾಂತಯ್ಯ ಎರಡು ಪ್ರನಾಳಗಳನ್ನು ಡಾಕ್ಟರ್ ಸೌಮ್ಯಾಳ ಮೇಜಿನ ಮೇಲೆ ನಿಲ್ಲಿಸಿ, ಪಕ್ಕದಲ್ಲಿ ಪತ್ರಿಕೆಯ ಸಂಪಾದಕರಿಗೆ ಬರೆದ ಕಾಗದವನ್ನಿಟ್ಟರು. ಒಂದು ಪ್ರನಾಳದ ದ್ರಾವಣ ಹಸಿರುಗಟ್ಟಿತ್ತು. ಇನ್ನೊಂದರದು ಬಣ್ಣ ತಿರುಗಿರಲಿಲ್ಲ.

“ಹಸರಾದದ್ದು ನನ್ನ ಜೊಲ್ಲು. ನೀವು ತುಂಬಿದ ಹಲ್ಲಿನಿಂದ ವಿಷ ಒಸರಾಕತ್ತೈತಿ.”

ಕೇಶ್ವಾಪುರದಲ್ಲಿ ಸೌಮ್ಯಾ ಹಲ್ಲಿನ ದವಾಖಾನೆ ತೆರೆದು ಇನ್ನೂ ವರ್ಷವಾಗಿರಲಿಲ್ಲ. ಧಾರವಾಡದ ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಶಾಂತಯ್ಯನವರ ಹೆಸರಿನಲ್ಲಿ ಆ ಕಾಗದ ಅಚ್ಚಾದರೆ ಬಾಗಿಲು ಹಾಕಬೇಕಾದೀತು. ಅದು ಇಬ್ಬರಿಗೂ ಗೊತ್ತಿತ್ತು. ಬೆಂಚಿನ ಮೇಲೆ ಕೂತಿದ್ದ ಶಾಂತಯ್ಯನವರ ಹೆಂಡತಿ ಗೌರಕ್ಕನಿಗೂ ಗೊತ್ತಿತ್ತು.

ಶುರುವಾದದ್ದು ತೊಂಬತ್ತೇಳರ ಆ ಶ್ರಾವಣದಲ್ಲಿ, ವಾಚನಾಲಯದಲ್ಲಿ ಸಿಕ್ಕ ಒಂದು ಲೇಖನದಿಂದ. ಹಲ್ಲಿನ ಕುಳಿಗೆ ತುಂಬುವ ಬಿಳಿ ರಾಳದಿಂದ ಬಿಸ್‌ಫೀನಾಲ್ ಎಂಬ ಹಾನಿಕರ ವಸ್ತು ಜೊಲ್ಲಿಗೆ ಸೇರಬಹುದೆಂದು ಪರದೇಶದ ಸಂಶೋಧಕರು ಶಂಕಿಸಿದ್ದರು. ಶಾಂತಯ್ಯ ವಸ್ತುವಿನ ಹೆಸರಿಗೆ ಅಡಿಗೆರೆ ಹಾಕಿದರು, ‘ಶಂಕೆ’ಗೆ ಹಾಕಲಿಲ್ಲ. ಅದೇ ವಾರ ಅವರ ದವಡೆಹಲ್ಲು ನೋಯತೊಡಗಿತು.

ಸೋಮವಾರ ಸೌಮ್ಯಾಳ ಖುರ್ಚಿಯಲ್ಲಿ ಕೂತು, ಬಾಯಲ್ಲಿ ಅರಳೆ ಇದ್ದರೂ ಬಿಡದೆ ಅವರು ರಾಳದ ಮೇಲೆ ಪಾಠ ಮಾಡಿದರು. ಕೆಲಸ ಮುಗಿಸಿದ ಸೌಮ್ಯಾ ಏನೋ ಹೇಳಹೋದಳು, ಕೈಯೆತ್ತಿ ತಡೆದರು. ಮತ್ತೆ ಹೇಳಹೋದಳು, ಪ್ರಶ್ನೆಗಳು ಕೊನೆಗೆ ಎಂದರು. ಗುಳಿಗೆ ಬರೆಸಿಕೊಂಡು ಬಾ ಎಂದು ಹೆಂಡತಿಗೆ ಹೇಳಿ ಕೆಳಗಿನ ಔಷಧದಂಗಡಿಗೆ ಇಳಿದವರು, ಅಲ್ಲಿಯ ಅಬ್ದುಲಮಜೀದನಿಗೂ ಬಿಸ್‌ಫೀನಾಲಿನ ರಚನೆ ಬರೆದು ತೋರಿಸಿದರು. ಬಾಯಲ್ಲಿ ಒಂಥರಾ ಘಾಟು. ರಾಳದ್ದೇ, ಎಂದು ಟಿಪ್ಪಣಿ ಮಾಡಿಕೊಂಡರು. ಮುಕ್ಕಾಲು ತಾಸಿನ ಮೇಲೆ ಗೌರಕ್ಕ ಸೆರಗನ್ನು ಬಾಯಿಗೊತ್ತಿಕೊಂಡು ಇಳಿದುಬಂದಳು. ತಮ್ಮ ನೋವಿಗೆ ಮರುಗುತ್ತಿದ್ದಾಳೆಂದು ಅವರ ಮನಸ್ಸು ತುಂಬಿಬಂತು.

ಮರುದಿನ, ಫೀನಾಲ್ ಜಾತಿಯ ವಸ್ತುವಿದ್ದರೆ ಬಣ್ಣ ತಿರುಗುವ ಪರೀಕ್ಷೆಗೆಂದು ಕಾಲೇಜಿನ ಪ್ರಯೋಗಶಾಲೆಗೆ ತಮ್ಮ ಜೊಲ್ಲನ್ನು ಒಯ್ಯುವ ಮುನ್ನ ಹೆಂಡತಿಯ ಮುಂದೆಯೂ ಒಂದು ಸೀಸೆ ಹಿಡಿದರು. ಹೋಲಿಸಿ ನೋಡಲು ಏನೂ ತುಂಬಿಸದ ಬಾಯಿಯೊಂದು ಬೇಕಾಗಿತ್ತು.

ಗೌರಕ್ಕ ಸೀಸೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ವಿಷ ಇದ್ರ ನಂದರಾಗೂ ಕಾಣತೈತೇನ್ರಿ?”

“ಇದ್ರ ಕಾಣಬೇಕಲ್ಲ. ನಿನ್ನ ಬಾಯಾಗ ಅದು ಎಲ್ಲಿಂದ ಬರಬೇಕು?”

ಸಂಜೆ, ಅವಳದು ಬಣ್ಣ ತಿರುಗಲಿಲ್ಲವೆಂದು ಹೇಳಿದಾಗ ಅವಳು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಗಂಡನದು ಹಸಿರಾಗಿದ್ದರೂ ಆ ರಾತ್ರಿಗೆ ಹೋಳಿಗೆ ಮಾಡಿದಳು. ಶಾಂತಯ್ಯನವರಿಗೆ ಸ್ವಲ್ಪ ಬೇಸರವೇ ಆಯಿತು.

ಈಗ ಸೌಮ್ಯಾ ಹಸಿರು ಪ್ರನಾಳವನ್ನು ಬೆಳಕಿಗೆ ಹಿಡಿದು ನೋಡಿದಳು.

“ಸರ್, ಲವಂಗದೆಣ್ಣೀನೂ ಫೀನಾಲ್ ಜಾತೀದ ಹೌದಲ್ರೀ?”

ಹೌದು, ಅದರಲ್ಲಿ ಯೂಜಿನಾಲ್ ಇದೆ, ಈ ಪರೀಕ್ಷೆಗೆ ಅದೂ ಬಣ್ಣ ಕೊಡುತ್ತದೆ ಎಂದು ಶಾಂತಯ್ಯ ಅಭ್ಯಾಸಬಲದಿಂದ ಉತ್ತರಿಸಿದರು.

“ನಿಮ್ಮ ಕುಳಿ ಭಾಳ ಆಳ ಇತ್ರಿ. ಅದಕ್ಕ ನಾ ರಾಳ ಹಾಕೇ ಇಲ್ಲ. ಒಂದು ವಾರ ಇರ್ಲಿ ಅಂತ ಸತುವಿನ ಪುಡಿ, ಲವಂಗದೆಣ್ಣಿ ಕಲಿಸಿ ಮುಚ್ಚೇನಿ. ಅದನ್ನ ಹೇಳಾಕಂತನ ಎರಡು ಸಲ ಬಾಯಿ ತಗದಿದ್ದೆ.”

ಶಾಂತಯ್ಯ ನಾಲಗೆಯಿಂದ ಹಲ್ಲನ್ನು ಮುಟ್ಟಿ ನೋಡಿದರು. ಲವಂಗ. ಅನುಮಾನವೇ ಇಲ್ಲ. ಆದರೆ ಮೂವತ್ತು ವರ್ಷದ ಮೇಷ್ಟರು ಅಷ್ಟಕ್ಕೆ ಸೋಲುವವರಲ್ಲ. ಹಾಗಾದರೆ ರಾಳದ ಪರೀಕ್ಷೆ ಇನ್ನೂ ಆಗಿಯೇ ಇಲ್ಲ, ಅದರ ಮೇಲಿನ ಆರೋಪ ಇದ್ದಲ್ಲೇ ಇದೆ, ಆದ್ದರಿಂದ ಕಾಗದವನ್ನು ಇಂದೇ ಟಪಾಲಿಗೆ ಹಾಕುವವನು ಎಂದು ಎದ್ದು ನಿಂತರು.

“ಅದರದೂ ನಿನ್ನೇನ ಆತಲ್ರೀ,” ಎಂದಳು ಗೌರಕ್ಕ. “ಸೋಮವಾರ ನೀವು ಕೆಳಗ ಮಜೀದಗ ಪಾಠ ಹೇಳೂಮುಂದ, ನಾ ಇದ ಖುರ್ಚಿಮ್ಯಾಲ ಕುಂತು ಎರಡು ಹಲ್ಲಿಗೆ ರಾಳ ತುಂಬಿಸ್ಕೊಂಡೇನಿ.”