ಕೋಣೆಗೊಬ್ಬ ನಂಬಿಕಸ್ಥ

ಬಚ್ಚಲಿನ ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದ ವಕೀಲರಿಗೆ ಒಳಗಿನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಎರಡೂ ಕಾಲು ಸಿಕ್ತಾ? ಗಟ್ಟಿಯಾಗಿ ಹಿಡ್ಕೋ. ಅದು ತಿಣುಕಿದಾಗ ಮಾತ್ರ ಎಳಿ. ಹೆದರ್ಬೇಡ, ಬರತ್ತೆ.”

ಬೆಟ್ಟದ ಮೇಲಿನ ಆ ಹೋಟೆಲಿನಲ್ಲಿ ಸಿಗ್ನಲ್ ಸಿಗುತ್ತಿದ್ದುದು ಬಚ್ಚಲಿನ ಕಿಟಕಿಯ ಹತ್ತಿರ ಮಾತ್ರ. ಒಳಗಿದ್ದವರು ಮೊದಲ ಸಲ ಗೆದ್ದ ಶಾಸಕರು. ಅದಕ್ಕೆ ಮೊದಲು ಇಪ್ಪತ್ತು ವರ್ಷ ದನದ ಡಾಕ್ಟರು. ಮನೆಯಲ್ಲಿ ಹಸು ಈಯುತ್ತಿದೆ, ತಮ್ಮನಿಗೆ ಫೋನಿನಲ್ಲೇ ಪಾಠ ಹೇಳುತ್ತಿದ್ದಾರೆ ಎಂದು ವಕೀಲರಿಗೆ ಚೆನ್ನಾಗಿ ಅರ್ಥವಾಯಿತು. ಮಂಚದ ಮೇಲೆ ಕೂತು ಕಾಗದ ತೆಗೆದು ಬರೆದರು: ‘ಬೆಳಿಗ್ಗೆ ಎಂಟು ಹತ್ತಕ್ಕೆ ಗುಟ್ಟಾಗಿ ಫೋನು. “ಹಿಡ್ಕೋ, ಎಳಿ, ಬರತ್ತೆ” ಎಂದದ್ದನ್ನು ನಾನೇ ಕೇಳಿದ್ದೇನೆ. ಆ ಕಡೆಯವರ ಜೊತೆ ವ್ಯವಹಾರ ಕುದುರುತ್ತಿರುವುದು ಖಚಿತ.’ ಸಹಿ ಹಾಕಿ, ತಾರೀಖು ಬರೆದು, ಲಕೋಟೆಗೆ ಅಂಟು ಹಚ್ಚಿದರು.

ಚುನಾವಣೆಯಲ್ಲಿ ಯಾರಿಗೂ ಬಹುಮತ ಬಂದಿರಲಿಲ್ಲ. ಎರಡನೆಯ ಮತ್ತು ಮೂರನೆಯ ಸ್ಥಾನದ ಪಕ್ಷಗಳು ಪ್ರಚಾರದ ಉದ್ದಕ್ಕೂ ಒಂದನ್ನೊಂದು ಕಳ್ಳರ ಕೂಟವೆಂದು ಕರೆದಿದ್ದವು. ಫಲಿತಾಂಶ ಬಂದ ಮಧ್ಯಾಹ್ನವೇ ಅಪ್ಪಿಕೊಂಡು ಸರ್ಕಾರ ಮಾಡಿದವು. ಎರಡೂ ಆರೋಪ ನಿಜವೇ ಆಗಿದ್ದರಿಂದ ಯಾರೂ ಮಾತು ಹಿಂತೆಗೆದುಕೊಳ್ಳಬೇಕಾಗಲಿಲ್ಲ. ಸೋಮವಾರ ಬಹುಮತ ತೋರಿಸಬೇಕು. ಅಲ್ಲಿಯತನಕ ಮೊದಲ ಸ್ಥಾನದವರು ಯಾರನ್ನೂ ಸೆಳೆಯಬಾರದೆಂದು ಮೂರನೆಯ ಪಕ್ಷದ ಯಜಮಾನರು ತಮ್ಮ ಮೂವತ್ತಾರು ಶಾಸಕರನ್ನು ಈ ಹೋಟೆಲಿಗೆ ತಂದು ತುಂಬಿದ್ದರು. ಯಜಮಾನರು ಎಲ್ಲರ ಬಾಯಲ್ಲೂ ‘ಅಣ್ಣ’.

ಕೋಣೆಗೆ ಮೂವರು. ಇಬ್ಬರನ್ನು ಕಾಯಲು ಮೂರನೆಯ ಶಾಸಕನೇ ನಂಬಿಕಸ್ಥ. ಅಣ್ಣ ವಕೀಲರನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈ ಹಾಕಿದ್ದರು. “ಯಾರ್ಯಾರು ಓಡಿ ಹೋಗೋ ಹಾಗಿದ್ದಾರೆ, ದಿನಾ ಬರೆದು ಕಳಿಸಿ. ಸೋಮವಾರ ಕಳೀಲಿ, ಲೋಕೋಪಯೋಗಿ ಖಾತೆ ಎಲ್ಲಿಗೆ ಹೋಗಬೇಕು ಅಂತ ನನಗೆ ಗೊತ್ತಿದೆ.”

ಅಷ್ಟು ಸಾಕಾಯಿತು. ಕೋಣೆಯಲ್ಲಿದ್ದವರೆಲ್ಲ ಸಾಚಾ ಅಂದರೆ ಕಾದವನಿಗೆ ಯಾರು ಖಾತೆ ಕೊಡುತ್ತಾರೆ? ಮೂರನೆಯ ಮಂಚದ ಅಕ್ಕಿ ಗಿರಣಿಯವರು ತಿನ್ನುವುದು, ಮಲಗುವುದು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಅವರನ್ನೂ ಬಿಡಲಿಲ್ಲ: ‘ನಿದ್ದೆಯಲ್ಲಿ ಆ ಕಡೆಯ ಮುಖಂಡರ ಹೆಸರು ಕನವರಿಸುತ್ತಾರೆ.’

ಡಾಕ್ಟರು ಹೊರಗೆ ಬಂದರು. ಮುಖ ಅರಳಿತ್ತು. “ಹೆಣ್ಣು ಕರು, ವಕೀಲರೇ!”

“ಸಂತೋಷ. ಆ ಕಡೆಯಿಂದ ಯಾರಾದ್ರೂ ಫೋನ್ ಮಾಡಿದ್ರಾ?”

“ನನಗ್ಯಾರು ಮಾಡ್ತಾರ್ರೀ? ಅಣ್ಣ ಎಲ್ಲಿ ಕೈ ಎತ್ತು ಅಂತಾರೋ ಅಲ್ಲಿ ಎತ್ತೋದು. ಅಷ್ಟೇ ನನಗೆ ಗೊತ್ತಿರೋ ರಾಜಕೀಯ.”

ಮೂಗುದಾರ ಹಾಕಿಸಿಕೊಂಡೇ ಬಂದಿದ್ದಾನೆ ಪ್ರಾಣಿ, ಎಂದುಕೊಂಡರು ವಕೀಲರು.

ಬಚ್ಚಲು ಖಾಲಿಯಾದದ್ದೇ ಅವರೂ ಕಿಟಕಿ ಹಿಡಿದರು. ಹೆಂಡತಿ ಕಾದೇ ಇದ್ದಳು.

“ಏನ್ರೀ, ಆಯ್ತಾ?”

“ಸೋಮವಾರ ಆಗತ್ತೆ.”

“ನಮ್ಮಕ್ಕ ಇವತ್ತೂ ಬಂದಿದ್ಲು. ಭಾವ ಮಂತ್ರಿ ಆಗಿದ್ದಾಗ ಗೇಟಿನಲ್ಲಿ ನಾಲ್ಕು ಪೊಲೀಸರಿದ್ರು ಅಂತ ಮತ್ತೆ ಶುರು ಮಾಡಿದ್ಲು. ಈ ಸಲ ಆಗ್ಲಿಲ್ಲ ಅಂದ್ರೆ ನಾನು ಅವಳ ಮುಖ ನೋಡೋ ಹಾಗಿಲ್ಲ.”

“ನಿಮ್ಮ ಭಾವನಿಗೆ ಸಿಕ್ಕಿದ್ದು ಮೀನುಗಾರಿಕೆ ಕಣೇ. ನನ್ನದು ರಸ್ತೆ, ಸೇತುವೆ!” ಷಡ್ಡಕನ ಹೊಟ್ಟೆ ಉರಿಯುವುದನ್ನು ನೆನೆದು ವಕೀಲರಿಗೆ ಮೈಯೆಲ್ಲ ತಂಪಾಯಿತು.

ಭಾನುವಾರ ಮಧ್ಯಾಹ್ನ ಅಣ್ಣ ಬಂದರು. ಲಕೋಟೆಗಳೆಲ್ಲ ಕೈಯಲ್ಲಿದ್ದವು.

“ಅಚ್ಚುಕಟ್ಟಾಗಿ ಬರೀತೀರಿ. ಈ ಡಾಕ್ಟರು ಹೋಗೋದು ಗ್ಯಾರಂಟೀನಾ?”

“ನೂರಕ್ಕೆ ನೂರು, ಅಣ್ಣಾ.”

“ಗಿರಣಿಯವರು?”

“ಅವರು ಒಂದು ಕಾಲು ಹೊರಗೇ ಇಟ್ಟಿದ್ದಾರೆ.”

ಅಣ್ಣ ತಲೆಯಾಡಿಸಿದರು. ಸಿಟ್ಟಿರಲಿಲ್ಲ. “ಎಲ್ಲ ಕೋಣೆಯಿಂದಲೂ ಇದೇ ವರದಿ. ಕಾನೂನು ಬಲ್ಲವರು ನೀವು, ಹೇಳಿ: ಎಷ್ಟು ಜನ ಒಟ್ಟಿಗೆ ಹೋದರೆ ಯಾರ ಸ್ಥಾನಕ್ಕೂ ತೊಂದರೆ ಆಗಲ್ಲ?”

“ಮೂರರಲ್ಲಿ ಎರಡು ಪಾಲು. ನಿಮ್ಮನ್ನೂ ಸೇರಿಸಿ ನಾವು ಮೂವತ್ತೇಳು. ಅಂದ್ರೆ ಇಪ್ಪತ್ತೈದು ಬೇಕು. ಅಷ್ಟೆಲ್ಲ ಎಲ್ಲಿ ಆಗತ್ತೆ ಬಿಡಿ, ಅಣ್ಣಾ!”

“ಅದನ್ನೇ ನೋಡ್ತಿದ್ದೀನಿ,” ಎಂದರು ಅಣ್ಣ.

ಸೋಮವಾರ ಏಳಕ್ಕೇ ಬಸ್ಸು ಬಂತು. ಅಣ್ಣ ಮೆಟ್ಟಿಲ ಬಳಿ ನಿಂತು ಇಪ್ಪತ್ನಾಲ್ಕು ಹೆಸರು ಕೂಗಿದರು. ಅಷ್ಟೂ ಅನುಮಾನದ ಗಿರಾಕಿಗಳು. ವಕೀಲರ ಕಿವಿಯಲ್ಲಿ ಹೇಳಿದರು: “ಇವರು ನನ್ನ ಕಣ್ಣೆದುರೇ ಇರಲಿ. ನಿಮಗೆಲ್ಲ ಆಮೇಲೆ ಕಾರು.”

ಡಾಕ್ಟರು ಅಂಗಿಯ ಗುಂಡಿ ಅದಲುಬದಲು ಹಾಕಿಕೊಂಡು ಓಡಿ ಬಂದರು. “ಎಲ್ಲಿಗೆ ವಕೀಲರೇ, ಇಷ್ಟು ಬೇಗ?”

“ಹೋಗಿ ಬನ್ನಿ ಡಾಕ್ಟ್ರೇ. ಇನ್ಮೇಲೆ ದನ ನೋಡ್ಕೊಳ್ಳೋಕೆ ಬೇಕಾದಷ್ಟು ಪುರುಸೊತ್ತು ಸಿಗತ್ತೆ.”

ಬಸ್ಸು ತಿರುವು ದಾಟುವ ತನಕ ವಕೀಲರು ಕೈ ಬೀಸಿದರು. ಆಮೇಲೆ ಹನ್ನೆರಡು ನಂಬಿಕಸ್ಥರು ಗಂಜಿ ಹಾಕಿದ ಬಿಳಿ ಬಟ್ಟೆಯಲ್ಲಿ, ಸುಕ್ಕಾಗದಂತೆ ಕುರ್ಚಿಯ ತುದಿಯಲ್ಲಿ ಕೂತು ಕಾದರು. ಒಬ್ಬೊಬ್ಬರ ಮುಖದಲ್ಲೂ ಲೋಕೋಪಯೋಗಿ ಖಾತೆಯ ಕಳೆಯಿತ್ತು. ಒಂಬತ್ತಾಯಿತು. ಹತ್ತಾಯಿತು. ಹನ್ನೊಂದಕ್ಕೆ ಮತದಾನ. ವಕೀಲರು ಬಚ್ಚಲಿಗೆ ಓಡಿ ಫೋನ್ ಮಾಡಿದರು. ಆ ತುದಿಯಲ್ಲಿ ಚಪ್ಪಾಳೆ, ಗದ್ದಲ.

“ಅಣ್ಣಾ, ಕಾರು ಬರಲೇ ಇಲ್ಲ!”

“ಬರಲ್ಲ ವಕೀಲರೇ. ನಾವು ಇಪ್ಪತ್ತೈದು ಜನ ಈಗ ಮೊದಲ ಸ್ಥಾನದವರ ಜೊತೆ. ಇನ್ನು ಸರ್ಕಾರ ನಮ್ಮದೇ. ಡಾಕ್ಟ್ರಿಗೆ ಲೋಕೋಪಯೋಗಿ.”

“ಡಾಕ್ಟ್ರು ಯಾರ ಹತ್ತಿರವೂ ಮಾತಾಡಿಲ್ಲ ಅಣ್ಣಾ! ಅದು ಹಸು ಕರು ಹಾಕಿದ್ದು!”

“ಗೊತ್ತಾಯ್ತು, ಬಸ್ಸಿನಲ್ಲೇ ಹೇಳಿದ್ರು. ಆದ್ರೂ ಖಾತೆ ಹೆಸರು ಹೇಳಿದ್ದೇ ತಡ, ಒಪ್ಪಿಕೊಂಡ್ರು.”

“ಮತ್ತೆ ನಾನು, ಅಣ್ಣಾ? ನನ್ನನ್ನ ಯಾಕೆ ಬಿಟ್ರಿ?”

“ಓಡಿ ಹೋಗೋರ ಪಟ್ಟಿ ಕೇಳಿದ್ದೇ ಕರ್ಕೊಂಡು ಹೋಗೋಕೆ, ವಕೀಲರೇ, ಅದರಲ್ಲಿ ನಿಮ್ಮ ಹೆಸರು ನೀವು ಬರೀಲೇ ಇಲ್ವಲ್ಲ.”