ನೀಲಿ ಗೆರೆ

ಕಚೇರಿಯ ಟಪಾಲು ನೋಡಿಕೊಳ್ಳುವ ಅಕ್ಕನ ತುಟಿ ಅಲುಗುತ್ತಿರುವುದನ್ನು ಮುಖ್ಯಸ್ಥರಾದ ಸಾಹೇಬರು ಗಾಜಿನ ಕೋಣೆಯಿಂದಲೇ ಹಿಡಿದರು. ಆಕೆ ಕಂಪ್ಯೂಟರಿನ ಮುಂದೆ ಕೂತು, ತರಬೇತಿಯ ಪಾಠವನ್ನು ಪದ್ಯದಂತೆ ರಾಗವಾಗಿ ಒಪ್ಪಿಸಿಕೊಳ್ಳುತ್ತಿದ್ದಳು: "ತೆರೆದು ಓದು, ಓದಿ ತುಂಬು, ತುಂಬಿ ನೋಡು, ನೋಡಿ ಕಳಿಸು..." ಸಾಲಿಗೊಂದು ಬೆರಳು ಮಡಚುತ್ತಿದ್ದಳು.

"ಏನಮ್ಮಾ, ಜಪ ಮಾಡಿದ್ರೆ ಕಂಪ್ಯೂಟರ್ ಒಲಿಯುತ್ತಾ?"

ಕಚೇರಿ ನಕ್ಕಿತು. ಸಾಹೇಬರು ನಕ್ಕ ಮೇಲೆ ನಗುವುದು ಅಲ್ಲಿಯ ಹಳೆಯ ನಿಯಮ.

ಕೋಣನ ಮುಂದೆ ಕಿನ್ನರಿ, ಎಂದುಕೊಂಡರು ಸಾಹೇಬರು. ತಾವು ಮಾತ್ರ ತರಬೇತಿಯ ಮೂರು ದಿನವೂ ಹಾಜರಿಗೆ ಸಹಿ ಹಾಕಿ, ಚಹಾ ಕುಡಿದು ಎದ್ದು ಬಂದಿದ್ದರು. ಕಲಿಯುವುದು ಕೈಕೆಳಗಿನವರ ಪಾಡು. ಅವರಿಗೆ ಬಂದ ಇಮೇಲ್‌ಗಳನ್ನೆಲ್ಲ ಅಕ್ಕನೇ ಪ್ರಿಂಟ್ ತೆಗೆದು ಮೇಜಿನ ಮೇಲಿಡಬೇಕು.

ಅಂದಿನ ಹಾಳೆ ಓದಿ ಅವರ ಮೀಸೆ ಅರಳಿತು. ಮೇಲಿನಿಂದ ಸುತ್ತೋಲೆ. ಕಂಪ್ಯೂಟರಿಗೆ ಒಗ್ಗದ ಒಬ್ಬರನ್ನು ಪ್ರತಿ ಕಚೇರಿಯಿಂದ ನೆಲಮಾಳಿಗೆಯ ಹಳೆ ಕಡತಗಳ ಕೋಣೆಗೆ ಹಾಕಲಾಗುವುದು. ಹೆಸರನ್ನು ಮುಖ್ಯಸ್ಥರೇ ಶುಕ್ರವಾರದೊಳಗೆ ತಿಳಿಸಬೇಕು. ಅಡಿಯಲ್ಲಿ ಇರುವೆ ಸಾಲಿನಂಥ ಏನೋ ಅಕ್ಷರ. ಅದರ ಕೆಳಗೊಂದು ನೀಲಿ ಗೆರೆ.

ಪ್ರಿಂಟ್ ತೆಗೆಯುವಾಗಲೇ ಓದಿದ್ದ ಅಕ್ಕ ಅಲ್ಲೇ ನಿಂತಿದ್ದಳು.

"ಸಾರ್, ಕೆಳಕ್ಕೆ ಮೂವತ್ತೆರಡು ಮೆಟ್ಟಿಲು. ನನ್ನ ಮಂಡಿ..."

"ಇಳಿಯೋದು ತಾನೇ? ಹತ್ತೋ ಚಿಂತೆ ಸಂಜೆಗಾಯ್ತು."

ಆಕೆಯ ಹೆಸರನ್ನು ದಪ್ಪಕ್ಷರದಲ್ಲಿ ಬರೆದರು. ನೀಲಿ ಗೆರೆಯ ಮೇಲೆ ಬಾಲ ಎಳೆದು ಸಹಿ ಹಾಕಿದರು.

"ಸಾರ್, ಆ ಗೆರೆ..."

"ಸಹಿ ಎಲ್ಲಿ ಹಾಕ್ಬೇಕು ಅಂತ ನಿನ್ನಿಂದ ಕಲೀಬೇಕಾ ನಾನು? ತಗೋ. ನೀನೇ ಟಪಾಲಿಗೆ ಹಾಕು."

ಅಕ್ಕ ತನ್ನ ಹೆಸರಿದ್ದ ಹಾಳೆಯನ್ನು ತಾನೇ ಮಡಚಿ, ಲಕೋಟೆಗೆ ಅಂಟು ಹಚ್ಚಿ, ರಿಜಿಸ್ಟರಿನಲ್ಲಿ ಬರೆದು ಕಳಿಸಿದಳು.

ಸೋಮವಾರ ಆದೇಶ ಬಂತು. ಅಕ್ಕ ಪ್ರಿಂಟ್ ತಂದಳು. ಸಾಹೇಬರು ಕೈ ನೀಡಲಿಲ್ಲ.

"ನೀನೇ ಓದು. ಜೋರಾಗಿ. ಎಲ್ರೂ ಕೇಳಲಿ."

ಅಕ್ಕ ಓದಿದಳು, ಕಲಿತ ಪದ್ಯ ಒಪ್ಪಿಸುವ ಹಾಗೆ, ತಡವರಿಸದೆ: "ಆ ಸುತ್ತೋಲೆಯೇ ಪರೀಕ್ಷೆಯಾಗಿತ್ತು. ಅದರಲ್ಲಿದ್ದ ನೀಲಿ ಲಿಂಕ್ ತೆರೆದು ಉತ್ತರ ತುಂಬಿದ ಮುಖ್ಯಸ್ಥರ ಕಚೇರಿಯಿಂದ ಯಾರನ್ನೂ ಕದಲಿಸುವುದಿಲ್ಲ. ಲಿಂಕ್ ತೆರೆಯದೆ ಕಾಗದ ಕಳಿಸಿದ ಕಡೆ ಒಗ್ಗದವರು ಯಾರೆಂದು ಬೇರೆ ಹುಡುಕಬೇಕಿಲ್ಲ. ಆ ಮುಖ್ಯಸ್ಥರು ಇಂದು ಮಧ್ಯಾಹ್ನವೇ ಕಡತಗಳ ಕೋಣೆಗೆ ಹಾಜರಾಗತಕ್ಕದ್ದು."

ಕಚೇರಿ ನಕ್ಕಿತು. ಈ ಸಲ ಸಾಹೇಬರಿಗಾಗಿ ಕಾಯಲಿಲ್ಲ.

ಅಕ್ಕ ಹಾಳೆಯನ್ನು ಅವರತ್ತ ತಿರುಗಿಸಿ ಅಡಿಯಲ್ಲಿ ಬೆರಳಿಟ್ಟಳು. "ತಲುಪಿದೆ ಅಂತ ಇಲ್ಲೊಂದು ಸಹಿ, ಸಾರ್. ಇದು ಕಪ್ಪು ಗೆರೆ. ಇದ್ರ ಮೇಲೆ ಹಾಕ್ಬಹುದು."