ಸೊಳ್ಳೆಗೆ ಮೈಯೊಡ್ಡುವ ಕೆಲಸ

ಸಂಜೆ ಐದಾಯಿತೆಂದರೆ ನಿಂಗಾಜಮ್ಮ ತೋಳಿಲ್ಲದ ರವಿಕೆ ತೊಟ್ಟು, ಅಪಾರ್ಟ್‌ಮೆಂಟಿನ ತೋಟದಲ್ಲಿ ಸೊಳ್ಳೆಗಳಿಗೆ ಮೈಯೊಡ್ಡಿ ಕೂರಬೇಕು. ಅದೇ ಅವಳ ಕೆಲಸ. ಅವಳ ರಕ್ತಕ್ಕೆ ಸೂಜಿಯಲ್ಲಿ ಪಾಲಿಮರ್ ಎಂಬ ಹೊಸ ಮದ್ದು ಸೇರಿಸಿದ್ದರು. ಅವಳನ್ನು ಕಚ್ಚಿದ ಸೊಳ್ಳೆಯ ಹೊಟ್ಟೆಯಲ್ಲಿ ಡೆಂಗಿ ವೈರಸ್ ಉಳಿಯುತ್ತಿರಲಿಲ್ಲ. ಆಮೇಲೆ ಆ ಸೊಳ್ಳೆ ಯಾರನ್ನು ಕಚ್ಚಿದರೂ ಜ್ವರ ಬರುತ್ತಿರಲಿಲ್ಲ. ಹಾಗಾಗಿ ಸೊಳ್ಳೆ ಹೊಡೆಯುವಂತಿಲ್ಲ. ತುರಿಸಿಕೊಳ್ಳುವುದೇನಿದ್ದರೂ ಏಳು ಗಂಟೆಗೆ ಕೆಲಸ ಮುಗಿದ ಮೇಲೆ.

ಆ ದಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಪ್ರಫುಲ್ಲಾ, ಮುಖವೊಂದು ಬಿಟ್ಟು ಮೈಯೆಲ್ಲ ಹೊದ್ದುಕೊಂಡು ಬಂದಳು.

"ಭಾನುವಾರ ನಿಮ್ಮ ಕಾಲೊನೀಲೂ ಹೀಗೇ ಕೂತಿದ್ಯಂತೆ?"

"ಹೂಂ ಮೇಡಂ. ನಮ್ ಬೀದೀಲಿ ಮೂರು ಮಕ್ಕಳು ಜ್ವರ ಬಂದು ಮಲಗವೆ. ಹೆಂಗೂ ರಜಾ, ಕೂತೆ."

"ಆ ಮದ್ದು ನಿನಗೆ ಹಾಕಿಸಿರೋದು ನಮ್ಮ ಸಂಘ. ಕಂಡಕಂಡಲ್ಲಿ ಕಚ್ಚಿಸಿಕೊಂಡು ಖಾಲಿ ಮಾಡ್ಕೊಂಡ್ರೆ ನಮಗೇನು ಉಳಿಯುತ್ತೆ?"

ನೂರು ಸೊಳ್ಳೆ ಕಚ್ಚಿದರೂ ಸುಮ್ಮನಿರುತ್ತಿದ್ದ ನಿಂಗಾಜಮ್ಮನ ಮೈ ಆ ಒಂದು ಮಾತಿಗೆ ಉರಿದುಹೋಯಿತು.

"ನಿಮ್ಮ ಟ್ಯಾಂಕ್ ತುಂಬಿ ಹರಿದ ನೀರು ಬಂದು ನಿಲ್ಲೋದು ನಮ್ ಬೀದೀಲಿ ಮೇಡಂ. ಈ ಸೊಳ್ಳೆಗಳೆಲ್ಲ ಹುಟ್ಟೋದೂ ಅಲ್ಲೇ. ಆ ನೀರನ್ನ ಒಂದಿನಾನೂ ನಮ್ದು ಅನ್ನಲಿಲ್ವಲ್ಲ ನೀವು. ಮದ್ದು ಮಾತ್ರ ನಿಮ್ದಾ?"

ಅವಳು ಎದ್ದು, ಸೆರಗನ್ನು ಎರಡೂ ತೋಳಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಇನ್ನೂ ಆರು ಗಂಟೇನೂ ಆಗಿಲ್ಲ. ಎಲ್ಲಿಗೆ ಹೊರಟೆ?"

"ನಮ್ ಬೀದಿಗೆ."

ಗೇಟಿನ ಹತ್ತಿರ ಬರುವಷ್ಟರಲ್ಲಿ ಹಿಂದೆ ಪ್ರಫುಲ್ಲಾ ಕೆನ್ನೆಗೆ ಹೊಡೆದುಕೊಂಡ ಸದ್ದು ಪಟ್ಟೆಂದು ಕೇಳಿಸಿತು. ನಿಂಗಾಜಮ್ಮ ತಿರುಗಿ ನೋಡಲಿಲ್ಲ.

"ಹೊಡೀಬೇಡಿ ಮೇಡಂ," ಎಂದಳು. "ಅದೂ ನಿಮ್ದೇ."